ಹೊಸ ಲ್ಯಾಪ್‌ಟಾಪ್ ಪದೇ ಪದೇ ಕೆಟ್ಟರೆ ಬದಲಿ ಪಡೆಯುವುದು ಹೇಗೆ?

ವಾರಂಟಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಕಡಿಮೆ. ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೊಸ ಲ್ಯಾಪ್‌ಟಾಪ್ ಕೆಟ್ಟರೆ ಇನ್ನೊಂದು ಹೊಸದನ್ನು ಕೊಡುತ್ತೇವೆ ಎಂದು ಕಂಪನಿಗಳು ಸಾಮಾನ್ಯವಾಗಿ ಬರೆದಿರುವುದಿಲ್ಲ. ಕೆಟ್ಟ ಭಾಗವನ್ನು ಸರಿಪಡಿಸುತ್ತೇವೆ ಅಥವಾ ಬದಲಾಯಿಸುತ್ತೇವೆ ಎಂಬುದಷ್ಟೇ ಅವರ ಭರವಸೆ. ಅದು ಸಾಧ್ಯವಾಗದಿದ್ದರೆ ಇಡೀ ಯಂತ್ರವನ್ನು ಬದಲಾಯಿಸುವುದೋ ಹಣ ಮರಳಿಸುವುದೋ ಎಂಬ ತೀರ್ಮಾನವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ಹಾಕುವ ಬಿಡಿಭಾಗ ಹೊಚ್ಚಹೊಸದಾಗಿರಬೇಕೆಂದೂ ಇಲ್ಲ. ‘ಹೊಸದಕ್ಕೆ ಸಮಾನವಾದದ್ದು’ ಎಂಬ ಮಾತಿನೊಳಗೆ ಬೇರೆ ಯಂತ್ರದಿಂದ ತೆಗೆದು ಸರಿಪಡಿಸಿದ ಮದರ್‌ಬೋರ್ಡ್ (ಯಂತ್ರದ ಮುಖ್ಯ ಸರ್ಕ್ಯೂಟ್ ಹಲಗೆ) ಕೂಡ ಸೇರಿಬಿಡುತ್ತದೆ.

ಹೀಗಿದ್ದರೂ ಕೆಲವರಿಗೆ ಕೆಟ್ಟ ಲ್ಯಾಪ್‌ಟಾಪಿನ ಬದಲಿಗೆ ಅದರ ನಂತರ ಬಂದ ಮಾದರಿಯೇ ಸಿಗುತ್ತದೆ. ಅದೇ ದೋಷವಿರುವ ಇನ್ನು ಕೆಲವರು ತಿಂಗಳುಗಟ್ಟಲೆ ಸರ್ವಿಸ್ ಸೆಂಟರಿಗೆ ಅಲೆದು ಕೊನೆಗೆ ವಾರಂಟಿ ಮುಗಿಯಿತೆಂಬ ಉತ್ತರ ಕೇಳಿ ಬರುತ್ತಾರೆ. ಈ ವ್ಯತ್ಯಾಸಕ್ಕೆ ಅದೃಷ್ಟ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ಹೆಚ್ಚಿನ ಪಾಲು ಕಾಗದಪತ್ರದ್ದು. ಯಾವ ದಿನ ಏನು ಕೆಟ್ಟಿತು, ಯಾರು ನೋಡಿದರು, ಏನು ಬದಲಾಯಿಸಿದರು, ಮತ್ತೆ ಯಾವಾಗ ಅದೇ ತೊಂದರೆ ಬಂತು ಎಂಬುದಕ್ಕೆ ಬರಹದಲ್ಲಿ ಸಾಕ್ಷಿ ಇರುವವರ ಬೇಡಿಕೆಯನ್ನು ತಳ್ಳಿಹಾಕುವುದು ಕಂಪನಿಗೆ ಕಷ್ಟ. ಮಗಳ ಓದಿಗೆಂದು ಸಾಲ ಮಾಡಿ ಐವತ್ತು ಅರವತ್ತು ಸಾವಿರ ಕೊಟ್ಟವರು ಈ ಮಾಹಿತಿ ಇಲ್ಲದ ಕಾರಣಕ್ಕೇ ಸೋಲಬಾರದು.

ಮೊದಲ ವಾರದ ಬೆಲೆ

ಕೊಂಡ ಮೊದಲ ಕೆಲವು ದಿನಗಳಿಗೆ ಬೇರೆಯದೇ ನಿಯಮವಿದೆ. ಪೆಟ್ಟಿಗೆ ಬಿಚ್ಚಿದಾಗಲೇ ಅಥವಾ ಅದರ ಬೆನ್ನಿಗೇ ಕೆಟ್ಟ ಯಂತ್ರವನ್ನು ಈ ವ್ಯವಹಾರದಲ್ಲಿ ‘ಡಿಒಎ’ ಎನ್ನುತ್ತಾರೆ, ಅಂದರೆ ಬರುವಾಗಲೇ ಸತ್ತಿದ್ದದ್ದು. ಇದಕ್ಕೆ ರಿಪೇರಿಯ ಮಾತೇ ಇಲ್ಲ, ನೇರವಾಗಿ ಬದಲಿ. ಆನ್‌ಲೈನ್ ಮಾರಾಟ ತಾಣಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನ. ಅಂಗಡಿಗಳಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದು. ಹಲವು ಸಲ ಮಾರಾಟಗಾರರು ತಾವೇ ತೀರ್ಮಾನಿಸದೆ, ಕಂಪನಿಯ ತಂತ್ರಜ್ಞ ಪರೀಕ್ಷಿಸಿ ಡಿಒಎ ಪತ್ರ ಕೊಡಬೇಕೆನ್ನುತ್ತಾರೆ. ಆ ತಂತ್ರಜ್ಞ ಬರುವುದಕ್ಕೇ ನಾಲ್ಕೈದು ದಿನ ಹಿಡಿಯಬಹುದು. ಆದ್ದರಿಂದ ದೋಷ ಕಂಡ ದಿನವೇ ಮಾರಾಟಗಾರರಿಗೂ ಕಂಪನಿಗೂ ಬರಹದಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆ ಪಡೆಯಬೇಕು. ಅವಧಿಯೊಳಗೆ ದೂರು ದಾಖಲಾಗಿದ್ದರೆ, ಅವರ ತಂತ್ರಜ್ಞ ತಡವಾಗಿ ಬಂದದ್ದರ ಹೊಣೆಯನ್ನು ನಿಮ್ಮ ಮೇಲೆ ಹೊರಿಸಲು ಬರುವುದಿಲ್ಲ.

ಹಾಗಾಗಿ ಹೊಸ ಲ್ಯಾಪ್‌ಟಾಪನ್ನು ಹಬ್ಬದ ದಿನ ಪೂಜೆ ಮಾಡಿ ಎತ್ತಿಡಬೇಡಿ. ಮೊದಲ ವಾರ ಅದನ್ನು ಚೆನ್ನಾಗಿ ದುಡಿಸಿ. ಎಲ್ಲ ಕೀಲಿಗಳನ್ನೂ ಒತ್ತಿ ನೋಡಿ, ಎಲ್ಲ ಯುಎಸ್‌ಬಿ ಪೋರ್ಟುಗಳಲ್ಲೂ ಪೆನ್‌ಡ್ರೈವ್ ಹಾಕಿ, ಒಂದು ದೀರ್ಘ ವಿಡಿಯೊ ಕರೆ ಮಾಡಿ, ಮುಚ್ಚಳ ಮುಚ್ಚಿ ತೆರೆದಾಗ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ ಗಮನಿಸಿ, ಪರದೆಯ ಮೇಲೆ ಪೂರ್ತಿ ಕಪ್ಪು ಮತ್ತು ಪೂರ್ತಿ ಬಿಳಿ ಚಿತ್ರ ತೋರಿಸಿ ಚುಕ್ಕೆಗಳಿವೆಯೇ ಹುಡುಕಿ. ಪೆಟ್ಟಿಗೆ, ಥರ್ಮಕೋಲು, ಒಳಗಿನ ಚೀಟಿಗಳು ಯಾವುದನ್ನೂ ಎಸೆಯಬಾರದು. ಹಿಂದಿನ ಮುಚ್ಚಳ ಬಿಚ್ಚಿ ಹೆಚ್ಚುವರಿ ರ‍್ಯಾಮ್ ಹಾಕುವ ಆಸೆಯಿದ್ದರೂ ಈ ವಾರ ಮುಗಿಯುವವರೆಗೆ ತಡೆಯಿರಿ.

‘ಕಂಪನಿಯವರನ್ನು ಕೇಳಿ’ ಎಂದರೆ

ಅಂಗಡಿಯವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ನಮ್ಮದು ಮಾರಾಟ ಮಾತ್ರ, ಉಳಿದದ್ದು ಕಂಪನಿಯವರದು.’ ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದೂ ಅಚ್ಚಾಗಿರುತ್ತದೆ. ಎರಡನ್ನೂ ಒಪ್ಪಿಕೊಂಡು ಸುಮ್ಮನಾಗಬೇಕಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅದೇ ವರ್ಷದ ಇ-ವಾಣಿಜ್ಯ ನಿಯಮಗಳು ಆನ್‌ಲೈನ್ ಮಾರಾಟಗಾರರಿಗೂ ಇದೇ ಹೊಣೆಯನ್ನು ಹೊರಿಸಿವೆ. ಮಾರಾಟ ತಾಣವು ದೂರು ಅಧಿಕಾರಿಯನ್ನು ನೇಮಿಸಬೇಕು, ಆ ಅಧಿಕಾರಿ 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅವರ ಹೆಸರು ಮತ್ತು ಸಂಪರ್ಕ ವಿವರ ತಾಣದಲ್ಲೇ ಇರಬೇಕು. ಗ್ರಾಹಕ ಸೇವೆಯ ಚಾಟ್ ಕಿಟಕಿಯಲ್ಲಿ ಗಂಟೆಗಟ್ಟಲೆ ಕೂರುವುದಕ್ಕಿಂತ ಈ ಅಧಿಕಾರಿಗೆ ಒಂದು ಇಮೇಲ್ ಕಳಿಸುವುದು ಲೇಸು.

ದೂರು ಕೊಡುವಾಗ ಮಾರಾಟಗಾರರು, ಆನ್‌ಲೈನ್ ತಾಣವಾದರೆ ಆ ತಾಣ, ಮತ್ತು ತಯಾರಕ ಕಂಪನಿ ಎಲ್ಲರನ್ನೂ ಸೇರಿಸಿ. ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವ ಆಟ ಅಲ್ಲಿಗೆ ಅರ್ಧ ನಿಲ್ಲುತ್ತದೆ.

ಸರ್ವಿಸ್ ಸೆಂಟರಿನ ಆ ಒಂದು ಹಾಳೆ

ಮೊದಲ ವಾರ ದಾಟಿದ ಮೇಲೆ ದಾರಿ ಸರ್ವಿಸ್ ಸೆಂಟರಿಗೆ. ನಿಮ್ಮ ವಾರಂಟಿ ಯಾವ ಬಗೆಯದೆಂದು ಕಂಪನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ಮೊದಲೇ ನೋಡಿಕೊಳ್ಳಿ. ‘ಆನ್‌ಸೈಟ್’ ಎಂದಿದ್ದರೆ ತಂತ್ರಜ್ಞರೇ ಮನೆಗೆ ಬರಬೇಕು. ‘ಕ್ಯಾರಿ-ಇನ್’ ಎಂದಿದ್ದರೆ ನೀವೇ ಒಯ್ಯಬೇಕು. ಶಿರಸಿಯವರೋ ಕೊಪ್ಪಳದವರೋ ಕ್ಯಾರಿ-ಇನ್ ವಾರಂಟಿಯ ಯಂತ್ರ ಕೊಂಡರೆ ಪ್ರತಿ ಸಲವೂ ಹುಬ್ಬಳ್ಳಿಗೆ ಬಸ್ ಹಿಡಿಯಬೇಕಾಗಬಹುದು. ದೊಡ್ಡ ಊರುಗಳಿಂದ ದೂರವಿರುವವರು ಸಾವಿರ ರೂಪಾಯಿ ಹೆಚ್ಚಾದರೂ ಆನ್‌ಸೈಟ್ ವಾರಂಟಿ ಇರುವುದನ್ನೇ ಆರಿಸಬೇಕೆಂದು ನಾನು ಹೇಳುವುದು ಇದಕ್ಕೇ.

ಕೌಂಟರಿನಲ್ಲಿ ಯಂತ್ರ ಕೊಟ್ಟಾಗ ಜಾಬ್ ಶೀಟ್ ಎಂಬ ಒಂದು ಹಾಳೆ ಕೊಡುತ್ತಾರೆ. ಮುಂದೆ ಬದಲಿ ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಹಾಳೆಯಲ್ಲೇ ನಿಂತಿದೆ. ಅದರಲ್ಲಿ ‘ಗ್ರಾಹಕರು ಹೇಳಿದ ಸಮಸ್ಯೆ’ ಎಂಬ ಜಾಗ ಇರುತ್ತದೆ. ಅಲ್ಲಿ ಕುಳಿತವರು ಆತುರದಲ್ಲಿ ‘ಡಿಸ್‌ಪ್ಲೇ ಸಮಸ್ಯೆ’ ಎಂದು ಎರಡೇ ಪದ ಬೆರಳಚ್ಚಿಸುತ್ತಾರೆ. ಅದಕ್ಕೆ ಒಪ್ಪಬೇಡಿ. ‘ಯಂತ್ರ ಬಿಸಿಯಾದ ಮೇಲೆ ಪರದೆಯ ಎಡಭಾಗ ಮಿನುಗುತ್ತದೆ, ಬಯಾಸ್ ಪರದೆಯಲ್ಲೂ ಮಿನುಗುತ್ತದೆ, ಇದು ಎರಡನೆಯ ಸಲ, ಹಿಂದಿನ ಜಾಬ್ ಶೀಟ್ ಸಂಖ್ಯೆ ಇಂಥದ್ದು’ ಎಂದು ಪೂರ್ತಿ ಬರೆಸಿ. (ಬಯಾಸ್ ಎಂದರೆ ವಿಂಡೋಸಿಗೂ ಮೊದಲು ತೆರೆಯಬಹುದಾದ, ಯಂತ್ರದ ಮೂಲ ಸೆಟ್ಟಿಂಗುಗಳ ಪರದೆ.) ನಿಂತು ಬರೆಸಲು ಎರಡು ನಿಮಿಷ ಸಾಕು. ಮರಳಿ ಪಡೆಯುವಾಗಲೂ ಯಾವ ಭಾಗ ಬದಲಾಯಿತು ಎಂಬುದು ಹಾಳೆಯಲ್ಲಿ ಇರಲೇಬೇಕು. ಏನೂ ಮಾಡದೆ ‘ದೋಷ ಕಂಡುಬರಲಿಲ್ಲ’ ಎಂದು ಬರೆದು ಕೊಟ್ಟರೆ, ನಿಮ್ಮ ಬಳಿಯ ವಿಡಿಯೊವನ್ನು ತೋರಿಸಿ, ತೋರಿಸಿದ ವಿಷಯವನ್ನೂ ಅದೇ ಹಾಳೆಯಲ್ಲಿ ಸೇರಿಸಲು ಕೇಳಿ. ಒಪ್ಪದಿದ್ದರೆ ಅಂದೇ ಇಮೇಲ್ ಮೂಲಕ ಕಂಪನಿಗೆ ತಿಳಿಸಿ.

ಬಂದು ಹೋಗುವ ದೋಷಗಳೇ ಹೆಚ್ಚು ಸತಾಯಿಸುವುದು. ಮನೆಯಲ್ಲಿ ದಿನಕ್ಕೆ ಮೂರು ಸಲ ನಿಂತುಹೋಗುವ ಯಂತ್ರ ಸರ್ವಿಸ್ ಸೆಂಟರಿನ ಮೇಜಿನ ಮೇಲೆ ಸರಾಗವಾಗಿ ಓಡುತ್ತದೆ. ಇದಕ್ಕೆ ಉಪಾಯಗಳಿವೆ. ದೋಷ ಬಂದಾಗಲೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿ. ವಿಂಡೋಸ್‌ನಲ್ಲಿ ‘ರಿಲಯಬಿಲಿಟಿ ಮಾನಿಟರ್’ ಎಂಬ ಸಲಕರಣೆ ಇದೆ, ಯಾವ ದಿನ ಯಂತ್ರ ಹಠಾತ್ತನೆ ನಿಂತಿತು ಎಂಬುದನ್ನು ದಿನವಾರು ನಕ್ಷೆಯಾಗಿ ತೋರಿಸುತ್ತದೆ. ಅದರ ಚಿತ್ರ ತೆಗೆದಿಡಿ. ‘ವಿಂಡೋಸ್ ಮತ್ತೆ ಹಾಕಿ ನೋಡಿ’ ಎಂಬ ಸಲಹೆ ಬರುವುದು ಖಚಿತ. ಆದ್ದರಿಂದ ಬಯಾಸ್ ಪರದೆಯನ್ನು ತೆರೆದು ಹತ್ತು ನಿಮಿಷ ಹಾಗೇ ಬಿಡಿ. ವಿಂಡೋಸ್ ಇನ್ನೂ ಶುರುವಾಗದ ಆ ಹಂತದಲ್ಲೂ ಪರದೆ ಮಿನುಗಿದರೆ ದೋಷ ವಿಂಡೋಸಿನದಲ್ಲ, ಯಂತ್ರಾಂಶದ್ದು. ಟಿವಿಯನ್ನೋ ಬೇರೆ ಮಾನಿಟರನ್ನೋ ಜೋಡಿಸಿ ನೋಡಿ. ಅಲ್ಲಿ ಚಿತ್ರ ಸರಿಯಾಗಿದ್ದು ಲ್ಯಾಪ್‌ಟಾಪಿನ ಪರದೆ ಮಾತ್ರ ಮಿನುಗಿದರೆ ತೊಂದರೆ ಪರದೆ ಅಥವಾ ಅದರ ಕೇಬಲ್ಲಿನದಿರಬಹುದು. ಎರಡೂ ಕಡೆ ಕಂಡರೆ ಅನುಮಾನ ಮದರ್‌ಬೋರ್ಡಿನತ್ತ ತಿರುಗುತ್ತದೆ.

ಯಂತ್ರ ಕೊಡುವ ಮೊದಲು ಎಲ್ಲ ಬದಿಗಳ ಫೋಟೊ ತೆಗೆಯುವುದನ್ನು ಮರೆಯಬಾರದು. ಮೂಲೆಯ ತಗ್ಗು, ಕೀಲಿಮಣೆಯ ಬಳಿಯ ಕಲೆ ಇವನ್ನು ತೋರಿಸಿ ‘ಗ್ರಾಹಕರಿಂದಾದ ಹಾನಿ’ ಎಂದು ಷರಾ ಬರೆದರೆ ವಾರಂಟಿಯೇ ಬಿದ್ದುಹೋಗುವ ಅಪಾಯವಿದೆ. ಕೌಂಟರಿನಲ್ಲಿ, ಅವರ ಎದುರಿಗೇ ತೆಗೆದ ಫೋಟೊಗಳಿಗೆ ಹೆಚ್ಚು ತೂಕ.

ಮದರ್‌ಬೋರ್ಡ್ ಬದಲಾದಾಗ

ಮದರ್‌ಬೋರ್ಡ್ ಬದಲಾಯಿಸುವುದೆಂದರೆ ಲ್ಯಾಪ್‌ಟಾಪಿನ ಹೆಚ್ಚುಕಡಿಮೆ ಎಲ್ಲವನ್ನೂ ಬದಲಾಯಿಸಿದಂತೆ. ಇಂದಿನ ಯಂತ್ರಗಳಲ್ಲಿ ಪ್ರೊಸೆಸರ್ ಅದಕ್ಕೇ ಬೆಸುಗೆಯಾಗಿರುತ್ತದೆ, ಎಷ್ಟೋ ಮಾದರಿಗಳಲ್ಲಿ ರ‍್ಯಾಮ್ ಕೂಡ. ವಿಂಡೋಸ್ ಪರವಾನಗಿ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಸೀರಿಯಲ್ ನಂಬರನ್ನು ಹೊಸ ಬೋರ್ಡಿನೊಳಗೆ ತಂತ್ರಜ್ಞರು ಮತ್ತೆ ಬರೆಯಬೇಕು. ಬರೆಯದೆ ಬಿಟ್ಟರೆ ಬಯಾಸ್‌ನಲ್ಲಿ ಆ ಜಾಗ ಖಾಲಿ ಇರುತ್ತದೆ ಅಥವಾ ಬೇರೆ ಸಂಖ್ಯೆ ಕಾಣುತ್ತದೆ. ಮುಂದಿನ ಸಲ ‘ಇದು ಬಿಲ್ಲಿನಲ್ಲಿರುವ ಯಂತ್ರವೇ ಅಲ್ಲ’ ಎಂಬ ತಕರಾರು ಅಲ್ಲಿಂದಲೇ ಹುಟ್ಟುತ್ತದೆ. ಹಾಗಾಗಿ ಮರಳಿ ಪಡೆಯುವಾಗ ಬಯಾಸ್‌ನಲ್ಲಿ ಕಾಣುವ ಸಂಖ್ಯೆ, ತಳದ ಸ್ಟಿಕ್ಕರಿನ ಸಂಖ್ಯೆ, ಬಿಲ್ಲಿನ ಸಂಖ್ಯೆ ಮೂರನ್ನೂ ತಾಳೆ ನೋಡಿ.

ಇನ್ನೂ ಒಂದು ಅಪಾಯ ಇದೆ, ಇದರಿಂದ ಜನ ಕಣ್ಣೀರು ಹಾಕುತ್ತಾರೆ. ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಮಾಹಿತಿ ತಾನಾಗಿಯೇ ಬಿಟ್‌ಲಾಕರ್ ಬೀಗದೊಳಗೆ ಸೇರಿರಬಹುದು, ನಿಮಗೆ ಅದು ಗೊತ್ತೂ ಇರುವುದಿಲ್ಲ. ಆ ಬೀಗದ ಕೀಲಿ ಮದರ್‌ಬೋರ್ಡಿನ ಸುರಕ್ಷಾ ಚಿಪ್ಪಿನಲ್ಲಿರುತ್ತದೆ. ಬೋರ್ಡ್ ಬದಲಾದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೊಡಿ ಎಂದು ನೀಲಿ ಪರದೆ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಸರ್ವಿಸಿಗೆ ಕೊಡುವ ಮೊದಲೇ ಅಲ್ಲಿಂದ ಬರೆದಿಟ್ಟುಕೊಳ್ಳಿ, ಫೈಲುಗಳ ಪ್ರತಿಯನ್ನೂ ಮಾಡಿಕೊಳ್ಳಿ. ಕೀ ಇಲ್ಲದಿದ್ದರೆ ಪ್ರಾಜೆಕ್ಟ್ ವರದಿಯಾಗಲಿ ಮಗುವಿನ ಫೋಟೊಗಳಾಗಲಿ ಮರಳಿ ಬರುವುದಿಲ್ಲ.

ಬದಲಿ ಕೇಳುವ ಹೊತ್ತು

ಎಷ್ಟು ಸಲ ರಿಪೇರಿಯಾದ ಮೇಲೆ ಬದಲಿ ಕೊಡಬೇಕು ಎಂಬ ಲೆಕ್ಕ ಕಾಯ್ದೆಯಲ್ಲಿಲ್ಲ. ರೂಢಿಯಲ್ಲಿ ಅದೇ ದೋಷ ಎರಡು ಮೂರು ರಿಪೇರಿಗಳ ನಂತರವೂ ಮರುಕಳಿಸಿದರೆ, ಅಥವಾ ಬಿಡಿಭಾಗ ಸಿಗದೆ ಯಂತ್ರ ವಾರಗಟ್ಟಲೆ ಅಲ್ಲೇ ಬಿದ್ದಿದ್ದರೆ ಕಂಪನಿಗಳು ಮಾತಿಗೆ ಬಗ್ಗುತ್ತವೆ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತವರಿಗೆ ಬದಲಿ ಕೊಡುವ ಅಧಿಕಾರವಿಲ್ಲ. ಅದು ಹೆಚ್ಚಾಗಿ ಬೇರೆ ಸಂಸ್ಥೆ ಗುತ್ತಿಗೆಗೆ ನಡೆಸುವ ಕೇಂದ್ರ. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಅದು ನ್ಯಾಯವೂ ಅಲ್ಲ. ಕಂಪನಿಯ ಮೇಲಿನ ಹಂತಕ್ಕೆ ಪತ್ರ ಹೋಗಬೇಕು.

ಪತ್ರದಲ್ಲಿ ಸಿಟ್ಟು ಬೇಡ, ದಿನಾಂಕಗಳು ಬೇಕು. ‘ಮಾರ್ಚ್ 4ರಂದು ಕೊಂಡದ್ದು. ಏಪ್ರಿಲ್ 10ರಂದು ಮೊದಲ ದೂರು, ಪರದೆ ಬದಲಾಯಿತು. ಮೇ 2ರಂದು ಅದೇ ದೋಷ, ಮದರ್‌ಬೋರ್ಡ್ ಬದಲಾಯಿತು. ಮೇ 21ರಿಂದ ಮತ್ತೆ ಅದೇ ದೋಷ. ಜಾಬ್ ಶೀಟುಗಳು ಮತ್ತು ವಿಡಿಯೊ ಲಗತ್ತಿಸಿದೆ. ರಿಪೇರಿಯಿಂದ ಸರಿಯಾಗದ ಈ ಯಂತ್ರದ ಬದಲಿಗೆ ಇದೇ ಮಾದರಿಯ ಅಥವಾ ಇದಕ್ಕಿಂತ ಕಡಿಮೆಯಿಲ್ಲದ ಸಾಮರ್ಥ್ಯದ ಹೊಸ ಯಂತ್ರವನ್ನು, ಇಲ್ಲವೇ ಪೂರ್ತಿ ಹಣವನ್ನು, 15 ದಿನಗಳೊಳಗೆ ಕೊಡಬೇಕು.’ ಪತ್ರ ಇಷ್ಟಿದ್ದರೆ ಸಾಕು.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡಬಹುದು, ಖರ್ಚಿಲ್ಲ. ಅದು ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೆ ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಎಷ್ಟೋ ದೂರುಗಳು ಇಲ್ಲಿಗೇ ಬಗೆಹರಿಯುತ್ತವೆ.

ಹೊಸ ಮಾದರಿ ಎಂದರೆ ಮೇಲಿನದು ಎಂದಲ್ಲ

ಕಂಪನಿ ಒಪ್ಪಿತು ಎಂದುಕೊಳ್ಳಿ. ಆಗ ಸಾಮಾನ್ಯವಾಗಿ ಬರುವ ಮಾತು: ‘ನಿಮ್ಮ ಮಾದರಿ ಈಗ ತಯಾರಾಗುತ್ತಿಲ್ಲ, ಅದರ ಬದಲಿಗೆ ಈ ಹೊಸದನ್ನು ಕೊಡುತ್ತೇವೆ.’ ಇದರಲ್ಲಿ ಮೋಸವೇನಿಲ್ಲ. ಇಂಟೆಲ್, ಎಎಂಡಿ ಹೆಚ್ಚುಕಡಿಮೆ ವರ್ಷಕ್ಕೊಂದು ಪೀಳಿಗೆಯ ಪ್ರೊಸೆಸರ್ ಬಿಡುತ್ತವೆ, ಲ್ಯಾಪ್‌ಟಾಪ್ ಮಾದರಿಗಳೂ ಅದೇ ವೇಗದಲ್ಲಿ ಬದಲಾಗುತ್ತವೆ. ಹಳೆಯ ಮಾದರಿಯ ದಾಸ್ತಾನು ಮುಗಿದ ಮೇಲೆ ಕೊಡುವುದಕ್ಕೆ ಅವರ ಬಳಿಯೂ ಇರುವುದಿಲ್ಲ. ಆದರೆ ಹೊಸದು ಎಂಬ ಸಂತೋಷದಲ್ಲಿ ಕಣ್ಣುಮುಚ್ಚಿ ಸಹಿ ಹಾಕಬಾರದು.

ಒಂದು ಉದಾಹರಣೆ ನೋಡೋಣ. ನಿಮ್ಮ ಕೆಟ್ಟ ಯಂತ್ರದಲ್ಲಿ ಎಎಂಡಿ ರೈಜನ್ 5 5625ಯು ಇತ್ತು, ಬದಲಿಯಾಗಿ ಕೊಡುತ್ತಿರುವುದರಲ್ಲಿ ರೈಜನ್ 5 7520ಯು ಇದೆ. ಐದು ಸಾವಿರದಿಂದ ಏಳು ಸಾವಿರಕ್ಕೆ ಏರಿದೆ ಎಂದು ಅನ್ನಿಸುತ್ತದೆ. ಒಳಗೆ ನೋಡಿದರೆ ಮೊದಲನೆಯದು ಜೆನ್ 3 ವಿನ್ಯಾಸದ, ಆರು ಕೋರುಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್. ಎರಡನೆಯದು 2019ರಲ್ಲಿ ಬಂದ ಜೆನ್ 2 ವಿನ್ಯಾಸದ, ನಾಲ್ಕೇ ಕೋರುಗಳ ಪ್ರೊಸೆಸರ್. ಅದರ ಜೊತೆಗಿನ ರ‍್ಯಾಮ್ ಬೆಸುಗೆಯಾಗಿರುವುದರಿಂದ ಮುಂದೆ ಹೆಚ್ಚಿಸಲೂ ಆಗದು. ಸಂಖ್ಯೆ ಹೊಸದು, ಕೆಲಸ ಹಿಂದಿನದಕ್ಕಿಂತ ನಿಧಾನ. ಇಂಟೆಲ್‌ನಲ್ಲಿ ಕೊನೆಯ ಅಕ್ಷರ ಗಮನಿಸಬೇಕು. ಐ5-1240ಪಿ ಇದ್ದವರಿಗೆ ಐ5-1235ಯು ಕೊಟ್ಟರೆ ಅದು ಕಡಿಮೆ ವಿದ್ಯುತ್ತಿನಲ್ಲಿ ಓಡುವ, ಕಡಿಮೆ ಶಕ್ತಿಯ ಪ್ರೊಸೆಸರ್.

ಗೇಮಿಂಗ್ ಲ್ಯಾಪ್‌ಟಾಪಿನವರು ಇನ್ನೂ ಹುಷಾರಾಗಿರಬೇಕು. ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ಪಿಗೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಯಾವ ಮಿತಿಯನ್ನಾದರೂ ತಯಾರಕರು ಇಡಬಹುದು. ಹೆಸರು ಒಂದೇ ಆದರೂ ಓಟದಲ್ಲಿ ಅಜಗಜಾಂತರ. ಪರದೆಯ ವಿಷಯಕ್ಕೆ ಬಂದರೆ ಹೊಳಪು ಎಷ್ಟು ನಿಟ್ಸ್ (ಹೊಳಪಿನ ಅಳತೆ), ಬಣ್ಣ ಪೂರ್ತಿ ಎಸ್‌ಆರ್‌ಜಿಬಿಯೋ ಅಥವಾ 45 ಶೇಕಡಾ ಎನ್‌ಟಿಎಸ್‌ಸಿಯೋ ಎಂಬುದನ್ನು ಕೇಳಿ; ಇವೆರಡೂ ಪರದೆ ಎಷ್ಟು ಬಣ್ಣಗಳನ್ನು ತೋರಿಸಬಲ್ಲದು ಎಂಬುದರ ಅಳತೆಗಳು. ಫೋಟೊ, ವಿನ್ಯಾಸದ ಕೆಲಸ ಮಾಡುವವರಿಗೆ ಎರಡನೆಯದರಲ್ಲಿ ಬಣ್ಣಗಳು ಸೊರಗಿದಂತೆ ಕಾಣುತ್ತವೆ. ರ‍್ಯಾಮ್, ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡಿಸ್ಕ್) ಗಾತ್ರ, ತೂಕ, ಬ್ಯಾಟರಿಯ ವ್ಯಾಟ್-ಅವರ್ (ಅದರಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆ) ಇವೆಲ್ಲ ತಯಾರಕರ ತಾಣದಲ್ಲೇ ಸಿಗುತ್ತವೆ. ಎರಡೂ ಮಾದರಿಗಳನ್ನು ಅಕ್ಕಪಕ್ಕ ಬರೆದು, ಯಾವುದರಲ್ಲಿ ಕಡಿಮೆಯಾಗಿದೆಯೋ ಅದನ್ನು ಎತ್ತಿ ಹೇಳಿ ಬೇರೆ ಮಾದರಿ ಕೇಳಿ.

ಹೊಸ ಮಾದರಿ ದುಬಾರಿ, ವ್ಯತ್ಯಾಸದ ಹಣ ಕೊಡಿ ಎಂದರೆ? ನೀವು ಆಸೆಪಟ್ಟು ಮೇಲಿನ ದರ್ಜೆ ಕೇಳಿದ್ದರೆ ಅದು ಬೇರೆ ಮಾತು. ಅವರ ಬಳಿ ಸಮಾನ ಮಾದರಿ ಇಲ್ಲವೆಂಬ ಕಾರಣಕ್ಕೆ ಕೊಡುತ್ತಿದ್ದರೆ ನೀವು ಒಂದು ರೂಪಾಯಿಯನ್ನೂ ಸೇರಿಸಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬದಲಿ ಬೇಡ, ಹಣ ಬೇಕು ಎನ್ನುವವರು ಬಿಲ್ಲಿನಲ್ಲಿರುವ 18 ಶೇಕಡಾ ಜಿಎಸ್‌ಟಿ ಸೇರಿದ ಪೂರ್ತಿ ಮೊತ್ತವನ್ನೇ ಕೇಳಬೇಕು. ಸವಕಳಿ ಎಂದು ಕಡಿತ ಮಾಡಿದರೆ ಲೆಕ್ಕವನ್ನು ಬರಹದಲ್ಲಿ ಕೊಡಲು ಹೇಳಿ.

ಹೊಸ ಯಂತ್ರದ ವಾರಂಟಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಹಲವು ಕಂಪನಿಗಳು ಹಳೆಯ ಯಂತ್ರದಲ್ಲಿ ಉಳಿದಿದ್ದ ಅವಧಿಯನ್ನಷ್ಟೇ ಮುಂದುವರಿಸುತ್ತವೆ. ನೀವು ಹಣ ಕೊಟ್ಟು ವಾರಂಟಿ ವಿಸ್ತರಿಸಿದ್ದರೆ ಅದು ಹಳೆಯ ಸೀರಿಯಲ್ ನಂಬರಿಗೆ ಅಂಟಿಕೊಂಡಿರುತ್ತದೆ, ಹೊಸದಕ್ಕೆ ವರ್ಗಾಯಿಸಲು ಕೇಳದಿದ್ದರೆ ವ್ಯರ್ಥವಾಗಬಹುದು.

ಆಯೋಗದ ಬಾಗಿಲು

ಕಂಪನಿ ಒಪ್ಪಲೇ ಇಲ್ಲವೆಂದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಕಾಯ್ದೆ ತಂದ ದೊಡ್ಡ ಉಪಕಾರವೆಂದರೆ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಾಗದಲ್ಲೇ ದೂರು ಕೊಡಬಹುದು. ಕೊಪ್ಪಳದಲ್ಲಿ ಕುಳಿತು ಆನ್‌ಲೈನ್‌ನಲ್ಲಿ ಕೊಂಡವರು ಕಂಪನಿಯ ಕಚೇರಿ ಗುರುಗ್ರಾಮದಲ್ಲಿದೆ ಎಂದು ಹೆದರಬೇಕಿಲ್ಲ. ಕೊಪ್ಪಳದ ಆಯೋಗಕ್ಕೆ ಕಂಪನಿಯೇ ಬರಬೇಕು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು, ‘ಇ-ಜಾಗೃತಿ’ ತಾಣದ ಮೂಲಕವೂ ಸಲ್ಲಿಸಬಹುದು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಅನುವಾದಕರು, ವಿನ್ಯಾಸಕಾರರು, ಡಿಟಿಪಿ ಕೆಲಸದವರು ಗ್ರಾಹಕರೇ.

ಆಯೋಗ ಕೊಡಬಹುದಾದ ಪರಿಹಾರಗಳಲ್ಲಿ ದೋಷ ನಿವಾರಣೆ, ಅದೇ ಬಗೆಯ ದೋಷವಿಲ್ಲದ ಹೊಸ ವಸ್ತು, ಹಣ ವಾಪಸಾತಿ, ನಷ್ಟ ಪರಿಹಾರ ಸೇರಿವೆ. ಕಾಯ್ದೆ ಹೇಳುವುದು ಹೊಸ ವಸ್ತು ಎಂದು. ನವೀಕರಿಸಿದ ಹಳೆಯ ಯಂತ್ರವನ್ನು ಮುಂದಿಟ್ಟಾಗ ಈ ಮಾತು ನೆನಪಿರಲಿ.

ಆದರೆ ಕೇಳಿದವರಿಗೆಲ್ಲ ಬದಲಿ ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಮಾರುತಿ ಉದ್ಯೋಗ್ ಕಾರಿನ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತು ದೋಷವಿರುವ ಭಾಗದ ರಿಪೇರಿ ಅಥವಾ ಬದಲಾವಣೆಗೆ ಸೀಮಿತವಾಗಿರುವಾಗ ಇಡೀ ಕಾರನ್ನೇ ಬದಲಾಯಿಸಿ ಎನ್ನಲಾಗದು ಎಂದು ಹೇಳಿತು. ಕಂಪನಿಗಳ ವಕೀಲರಿಗೆ ಇಂಥ ತೀರ್ಪುಗಳು ಚೆನ್ನಾಗಿ ಗೊತ್ತು. ಒಂದು ಭಾಗ ಹೋಯಿತು ಎಂಬುದಷ್ಟೇ ನಿಮ್ಮ ವಾದವಾದರೆ ಆ ಭಾಗವನ್ನು ಬದಲಾಯಿಸುತ್ತೇವೆ ಎಂದು ಅವರು ಮುಗಿಸುತ್ತಾರೆ. ಭಾಗಗಳನ್ನು ಬದಲಾಯಿಸಿದರೂ ದೋಷ ಹೋಗುತ್ತಿಲ್ಲ, ಅದು ತಯಾರಿಕೆಯಲ್ಲೇ ಸೇರಿದ್ದು ಎಂದು ತೋರಿಸುವವರ ವಾದಕ್ಕೆ ಬಲ ಬರುತ್ತದೆ. ಅಗತ್ಯ ಕಂಡರೆ ಆಯೋಗವು ಯಂತ್ರವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು, ವರದಿಗೆ 45 ದಿನಗಳ ಗಡುವು ಇದೆ. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆಯ ಆಶಯ. ನಡೆಯುವಾಗ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದೇ ಸಾಮಾನ್ಯ. ಆದ್ದರಿಂದ ಪತ್ರದ ಹಂತದಲ್ಲೇ ಒಳ್ಳೆಯ ಬದಲಿ ಸಿಕ್ಕರೆ ಒಪ್ಪಿಕೊಳ್ಳುವುದು ಜಾಣತನ.

ಕೊಡುವಾಗ, ಪಡೆಯುವಾಗ

ಬದಲಿಗೆಂದು ಕೊಟ್ಟ ಯಂತ್ರ ಮತ್ತೆ ನಿಮ್ಮ ಕೈಗೆ ಬರುವುದಿಲ್ಲ. ಅದು ರಿಪೇರಿಯಾಗಿ ಬೇರೊಬ್ಬರ ಮೇಜಿಗೆ ಹೋಗಬಹುದು. ಆಧಾರ್ ಪ್ರತಿ, ಬ್ಯಾಂಕಿನ ಕಾಗದಗಳು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಅದರಲ್ಲೇ ಇರುತ್ತವೆ. ಎಲ್ಲ ಖಾತೆಗಳಿಂದ ಹೊರಬಂದು, ವಿಂಡೋಸ್‌ನ ರೀಸೆಟ್ ಆಯ್ಕೆಯಲ್ಲಿ ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆಯನ್ನೇ ಆರಿಸಿ. ಮ್ಯಾಕ್‌ಬುಕ್ ಆದರೆ, ಕಳೆದ ಯಂತ್ರವನ್ನು ಹುಡುಕುವ ‘ಫೈಂಡ್ ಮೈ’ ಸೌಲಭ್ಯವನ್ನು ಆಫ್ ಮಾಡುವುದು ಕಡ್ಡಾಯ. ಯಂತ್ರ ಆನ್ ಆಗುವುದೇ ಇಲ್ಲ ಎಂದಾದರೆ ನಿಮ್ಮ ಎದುರಿಗೇ ಎಸ್‌ಎಸ್‌ಡಿ ತೆಗೆದು ಕೊಡಲು ಕೇಳಿ. ಕೊಡಲಾಗದು ಎಂದರೆ ಅದನ್ನು ಅಳಿಸುವ ಭರವಸೆಯನ್ನು ಬರಹದಲ್ಲಿ ಪಡೆದು, ಬೇರೆ ಯಂತ್ರದಿಂದ ನಿಮ್ಮ ಪಾಸ್‌ವರ್ಡುಗಳನ್ನು ಬದಲಾಯಿಸಿ.

ಬದಲಿ ಯಂತ್ರ ಬಂದಾಗ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂಬುದನ್ನು ವಿಂಡೋಸ್‌ನ ಬ್ಯಾಟರಿ ವರದಿ ತೋರಿಸುತ್ತದೆ. ಹೊಸ ಯಂತ್ರದಲ್ಲಿ ಅದು ಬೆರಳೆಣಿಕೆಯಷ್ಟಿರಬೇಕು, ಎಪ್ಪತ್ತು ಎಂಬತ್ತು ಕಂಡರೆ ಯಾರೋ ಬಳಸಿದ್ದು ಎಂದರ್ಥ. ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ವಾರಂಟಿಯ ಕೊನೆಯ ದಿನ ಮಾತಿನಂತೆ ನಮೂದಾಗಿದೆಯೇ ನೋಡಿ, ಆ ಪುಟದ ಚಿತ್ರ ಉಳಿಸಿ. ಹಳೆಯ ಬಿಲ್ಲಿನಲ್ಲಿ ಹಳೆಯ ಸಂಖ್ಯೆಯೇ ಇರುವುದರಿಂದ, ಹೊಸ ಸಂಖ್ಯೆ ನಮೂದಾದ ಬದಲಿ ಪತ್ರವನ್ನು ಕೇಳಿ ಪಡೆದು ಬಿಲ್ಲಿನ ಜೊತೆಗೇ ಇಡಿ. ಮೊದಲ ವಾರದ ಪರೀಕ್ಷೆಗಳನ್ನೆಲ್ಲ ಈ ಯಂತ್ರಕ್ಕೂ ಮಾಡಿ, ದೋಷ ಕಂಡರೆ ಅದೇ ದೂರಿನ ಸಂಖ್ಯೆಯನ್ನು ಉಲ್ಲೇಖಿಸಿ ಅಂದೇ ಬರೆಯಿರಿ.